ಓದುಗರ ಪ್ರಶ್ನೆ: ಒಂದು ಶನಿವಾರ 92, ಮರು ಶನಿವಾರ 78

ಪ್ರಶ್ನೆ: ನಾನು ದಾವಣಗೆರೆಯವನು, ಎರಡು ವರ್ಷದಿಂದ ಅಮೆರಿಕದ ಮಿನೆಸೋಟಾ ರಾಜ್ಯದ ಡುಲುತ್‌ನಲ್ಲಿದ್ದೇನೆ. ಈ ಚಳಿಗಾಲದಲ್ಲಿ ಹಳೆಯ ಸ್ನೋಮೊಬೈಲ್ (ಹಿಮದ ಮೇಲೆ ಓಡುವ, ಮುಂದೆ ಸ್ಕೀ, ಕೆಳಗೆ ರಬ್ಬರ್ ಪಟ್ಟಿ ಇರುವ ಗಾಡಿ) ಒಂದನ್ನು ಕೊಂಡೆ. 600 ಸಿಸಿ, ಎರಡು ಸಿಲಿಂಡರಿನ ಟೂ ಸ್ಟ್ರೋಕ್, ಕಾರ್ಬ್ಯುರೇಟರ್ ಇರುವಂಥದು, ಸುಮಾರು 115 ಅಶ್ವಶಕ್ತಿ. ಹೆಪ್ಪುಗಟ್ಟಿದ ಸರೋವರದ ಮೇಲೆ ಒಂದು ಶನಿವಾರ ಮೀಟರಿನಲ್ಲಿ ಗಂಟೆಗೆ 92 ಮೈಲಿ ವೇಗ ಬಂತು. ಮರು ಶನಿವಾರ ಅದೇ ಸರೋವರದಲ್ಲಿ 78ಕ್ಕೆ ನಿಂತುಬಿಟ್ಟಿತು. ಇಂಥದೇ ಗಾಡಿ ಇರುವ ಗೆಳೆಯರು 110 ಓಡಿಸುತ್ತೇವೆ ಎನ್ನುತ್ತಾರೆ. ದೊಡ್ಡ ಸ್ಪ್ರಾಕೆಟ್ (ಹಲ್ಲಿನ ಚಕ್ರ), ಹೊಸ ಕ್ಲಚ್ ಕಿಟ್ ಹಾಕಿಸು, ಆರುನೂರು ಡಾಲರ್ ಸಾಕು ಎಂಬುದು ಅವರ ಸಲಹೆ. ಹಾಕಿಸಲೇ? ಗಾಡಿಗೆ ಏನಾಗಿದೆ?
— ಡುಲುತ್‌ನ ಓದುಗರು

ಉತ್ತರ: ಆರುನೂರು ಡಾಲರ್ ಸದ್ಯ ಜೇಬಿನಲ್ಲೇ ಇರಲಿ. ಸಿಸಿ ಬರೆದಿದ್ದೀರಿ, ಸಿಲಿಂಡರ್ ಬರೆದಿದ್ದೀರಿ, ಅಶ್ವಶಕ್ತಿ ಬರೆದಿದ್ದೀರಿ. ಆ ಎರಡು ಶನಿವಾರಗಳ ನಡುವೆ ಎಷ್ಟು ಹಿಮ ಬಿತ್ತು, ಚಳಿ ಎಷ್ಟಿತ್ತು ಎಂಬುದನ್ನು ಮಾತ್ರ ಬರೆದಿಲ್ಲ. ಮಿನೆಸೋಟಾದಲ್ಲಿ ಹದಿನಾರು ಚಳಿಗಾಲ ಕಳೆದು ಮೈಸೂರಿಗೆ ಮರಳಿದವನು ನಾನು. ಅಲ್ಲಿ ವರ್ಕ್‌ಶಾಪಿಗೆ ಬಂದವರನ್ನು ನಾವು ಮೊದಲು ಕೇಳುತ್ತಿದ್ದದ್ದೇ ಅದನ್ನು.

ಮೊದಲು ಗೆಳೆಯರ 110ರ ವಿಚಾರ ಮುಗಿಸೋಣ. ಸ್ನೋಮೊಬೈಲಿನ ಮೀಟರ್ ಎಣಿಸುವುದು ಕೆಳಗಿನ ರಬ್ಬರ್ ಪಟ್ಟಿ ಎಷ್ಟು ತಿರುಗಿತು ಎಂಬುದನ್ನು. ಗಾಡಿ ಎಷ್ಟು ಮುಂದೆ ಹೋಯಿತು ಎಂಬುದನ್ನಲ್ಲ. ನುಣ್ಣನೆಯ ಮಂಜುಗಡ್ಡೆಯ ಮೇಲೆ ಪಟ್ಟಿ ಜಾರಿ ಸುಮ್ಮನೆ ಗಿರಗಿರ ತಿರುಗಿದರೂ ಮೀಟರ್ ಅದನ್ನು ವೇಗವೆಂದೇ ತೋರಿಸುತ್ತದೆ. ಮೊಬೈಲಿನ ಜಿಪಿಎಸ್ ಇಟ್ಟುಕೊಂಡು ಇನ್ನೊಮ್ಮೆ ಓಡಿಸಿ ನೋಡಿ, ನಿಮ್ಮ 92 ಕೂಡ ಎಂಬತ್ತರ ಮಧ್ಯಕ್ಕೆ ಇಳಿದರೆ ಬೇಸರಿಸಬೇಡಿ. ಇನ್ನು ಲೆಕ್ಕ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. 92ರಿಂದ 110ಕ್ಕೆ ಹೋಗಲು ಗಾಳಿಯ ಬಾಬ್ತಿಗೇ ಶೇ 70ರಷ್ಟು ಹೆಚ್ಚು ಶಕ್ತಿ ಬೇಕು. ಅದೇ 115 ಅಶ್ವಶಕ್ತಿಯ ಗಾಡಿಯಲ್ಲಿ ಅದು ಎಲ್ಲಿಂದ ಬರಬೇಕು? ಒಲೆಯ ಪಕ್ಕ ಕುಳಿತು ಹೇಳುವ ವೇಗಕ್ಕೆ ಗಾಳಿಯ ತಡೆ ಇರುವುದಿಲ್ಲ.

ಈಗ ನಿಮ್ಮ 78. ಮರವಂತೆಯ ಕಡಲಂಚಿನಲ್ಲಿ ಸೈಕಲ್ ತುಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲೆ ಬಂದು ಹೋದ ಒದ್ದೆ ಮರಳಿನ ಮೇಲೆ ಚಕ್ರ ಓಡುತ್ತದೆ. ನಾಲ್ಕು ಮಾರು ಮೇಲೆ ಒಣ ಮರಳಿಗೆ ಬಂದರೆ ಹೂತುಕೊಳ್ಳುತ್ತದೆ. ಹೊಸದಾಗಿ ಬಿದ್ದ ಒಂದು ಮೊಳ ಪುಡಿ ಹಿಮದಲ್ಲಿ ಸ್ಕೀ ಮತ್ತು ಪಟ್ಟಿ ಎರಡೂ ಇಳಿಯುತ್ತವೆ. ಗಾಡಿ ತನ್ನ ದಾರಿಯನ್ನು ತಾನೇ ಅದುಮುತ್ತ ಮುಂದೆ ಹೋಗಬೇಕು, ಎಂಜಿನ್ನಿನ ದೊಡ್ಡ ಪಾಲು ಆ ಅದುಮುವುದಕ್ಕೇ ಖರ್ಚು. ಹಿಮ ಕೂತು, ಯಂತ್ರ ಎಳೆದು ಸಮ ಮಾಡಿದ ಗಟ್ಟಿ ದಾರಿಯಲ್ಲಿ, ಶೂನ್ಯಕ್ಕಿಂತ ಏಳೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ ಸಿಗುವ ಓಟವೇ ಬೇರೆ. ಆಗ ಸ್ಕೀಯ ಅಡಿಯಲ್ಲಿ ಉಜ್ಜುವ ಬಿಸಿಗೆ ತೆಳುವಾದ ನೀರಿನ ಪದರ ಹುಟ್ಟಿ ಜಾರಿಕೆ ಚೆನ್ನಾಗಿರುತ್ತದೆ. ಚಳಿ ಮೈನಸ್ 25ನ್ನು ದಾಟಿದರೆ ಆ ಪದರ ಹುಟ್ಟುವುದೇ ಕಷ್ಟ, ಹಿಮ ಮರಳಿನಂತೆ ಉಜ್ಜುತ್ತದೆ. ಮಾರ್ಚ್‌ನ ಮಧ್ಯಾಹ್ನ ಕರಗುವ ಹಿಮ ಇದಕ್ಕೆ ತದ್ವಿರುದ್ಧ. ನೀರು ಹೆಚ್ಚಾಗಿ ಕೆಸರಿನಂತೆ ಹಿಡಿದೆಳೆಯುತ್ತದೆ.

ಹಾಗಾದರೆ ಬರಿಯ ಮಂಜುಗಡ್ಡೆ ಒಳ್ಳೆಯದೇ ಎಂದು ಕೇಳುತ್ತೀರಿ. ಸ್ವಲ್ಪ ಹೊತ್ತಿಗೆ ಮಾತ್ರ. ಪಟ್ಟಿ ಎರಚುವ ಹಿಮವೇ ಗಾಡಿಯ ಹೊಟ್ಟೆಯಡಿಯ ರೇಡಿಯೇಟರನ್ನು ತಣ್ಣಗಿಡುವುದು. ಪಟ್ಟಿ ಜಾರುವ ಪ್ಲಾಸ್ಟಿಕ್ ಸ್ಲೈಡರ್‌ಗಳಿಗೂ ಅದೇ ಎಣ್ಣೆ. ಹಿಮ ಇಲ್ಲದ ಗಡ್ಡೆಯ ಮೇಲೆ ಎರಡು ಮೈಲಿ ಎಳೆದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆ, ಪಟ್ಟಿ ಬಿಗಿದು ವೇಗ ತಾನಾಗಿ ಇಳಿಯುತ್ತದೆ.

ಗಾಡಿಗೇ ಏನಾದರೂ ಆಗಿದೆಯೇ ಎಂದು ತಿಳಿಯಲು ದುಡ್ಡು ಬೇಡ, ಒಂದು ಮಾರ್ಕರ್ ಪೆನ್ ಸಾಕು. ನಮ್ಮೂರಿನ ಗೇರಿಲ್ಲದ ಸ್ಕೂಟರಿನಲ್ಲಿರುವ ವೇರಿಯೇಟರ್ ನಿಮ್ಮ ಸ್ನೋಮೊಬೈಲಿನಲ್ಲೂ ಇದೆ, ಗಾತ್ರ ದೊಡ್ಡದು ಅಷ್ಟೆ. ಎಂಜಿನ್ ಬದಿಯ ಕ್ಲಚ್ಚಿನ ಎರಡು ತಟ್ಟೆಗಳು ಹತ್ತಿರ ಬಂದಷ್ಟೂ ಬೆಲ್ಟ್ ಅಂಚಿನ ಕಡೆಗೆ ಏರುತ್ತದೆ, ಏರಿದಷ್ಟೂ ವೇಗ. ಆ ತಟ್ಟೆಯ ಮುಖದ ಮೇಲೆ ನಡುವಿನಿಂದ ಅಂಚಿನವರೆಗೆ ಒಂದು ಗೆರೆ ಎಳೆಯಿರಿ. ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ನಿಲ್ಲಿಸಿ, ತೆರೆದು ನೋಡಿ. ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಬೆಲ್ಟ್ ಅಲ್ಲಿಯವರೆಗೆ ಏರಿದೆ. ಜೊತೆಗೆ ಆರ್‌ಪಿಎಂ ಬರೆದುಕೊಳ್ಳಿ. ಇಂಥ ಎಂಜಿನ್ನುಗಳು ಪೂರ್ಣ ಶಕ್ತಿ ಕೊಡುವುದು 8,000ದ ಆಸುಪಾಸಿನಲ್ಲಿ. ನಿಮ್ಮದರ ಅಂಕಿ ಕೈಪಿಡಿಯಲ್ಲಿರುತ್ತದೆ.

ಆರ್‌ಪಿಎಂ ಸರಿಯಿದ್ದು ಗೆರೆ ಅರ್ಧದವರೆಗೆ ಮಾತ್ರ ಅಳಿಸಿದ್ದರೆ ತಪ್ಪು ಹಿಮದ್ದು. ಭಾರ ಹೆಚ್ಚಾದಾಗ ಬೆಲ್ಟನ್ನು ಕೆಳಗಿಳಿಸಿ ಎಂಜಿನ್ನನ್ನು ಕಾಪಾಡುವುದೇ ಕ್ಲಚ್ಚಿನ ಕೆಲಸ, ಅದು ತನ್ನ ಕೆಲಸ ಮಾಡಿದೆ. ಆರ್‌ಪಿಎಂ 7,400ರಲ್ಲಿ ಒದ್ದಾಡುತ್ತಿದ್ದರೆ ಕ್ಲಚ್ಚಿನ ತಟ್ಟೆಗಳನ್ನು ಹತ್ತಿರ ತಳ್ಳುವ ತೂಕದ ತುಂಡುಗಳು ಭಾರವಾದವು, ಇಲ್ಲವೇ ಎಂಜಿನ್ ಸೋತಿದೆ. 8,500ಕ್ಕೆ ಹಾರುತ್ತಿದ್ದರೆ ತೂಕ ಹಗುರ. ಹಳೆಯ ಬೆಲ್ಟ್ ಸವೆದು ಕಿರಿದಾಗಿದ್ದರೆ ಅದು ಅಂಚಿಗೆ ಏರುವುದೇ ಇಲ್ಲ. ಹೊಸ ಬೆಲ್ಟಿನ ಪಕ್ಕ ಇಟ್ಟು ಅಗಲ ಅಳೆಯಿರಿ. ಪಟ್ಟಿ ವಿಪರೀತ ಬಿಗಿಯಾಗಿದೆಯೇ, ಎರಡು ಸ್ಕೀಗಳು ಒಂದೇ ದಿಕ್ಕಿಗೆ ನೋಡುತ್ತಿವೆಯೇ ಎಂದೂ ನೋಡಿ. ಕಳೆದುಹೋದ ನಾಲ್ಕೈದು ಮೈಲಿ ಸಾಮಾನ್ಯವಾಗಿ ಇಂಥ ಮೂಲೆಗಳಲ್ಲೇ ಸಿಗುತ್ತದೆ.

ದೊಡ್ಡ ಸ್ಪ್ರಾಕೆಟ್ ಏಕೆ ಬೇಡ ಎನ್ನುತ್ತೇನೆ? ಒಂದು ಉದಾಹರಣೆಯ ಲೆಕ್ಕ ನೋಡಿ. 8,000 ಆರ್‌ಪಿಎಂ, ಕ್ಲಚ್ ಒಂದಕ್ಕೊಂದು ಅನುಪಾತದಲ್ಲಿ, ಮೇಲಿನ ಸ್ಪ್ರಾಕೆಟ್‌ಗೆ 24 ಹಲ್ಲು, ಕೆಳಗಿನದಕ್ಕೆ 43, ಪಟ್ಟಿ ಓಡಿಸುವ ಚಕ್ರ ಒಂದು ಸುತ್ತಿಗೆ 58 ಸೆಂ.ಮೀ. ಎಳೆದರೆ ಪಟ್ಟಿಯ ವೇಗ ಸುಮಾರು 97 ಮೈಲಿ. ಬೆಲ್ಟ್ ಪೂರ್ತಿ ಏರಿದರೆ ಅದೇ ಹಲ್ಲುಗಳಲ್ಲಿ 120. ಅಂದರೆ ಗೇರಿನಲ್ಲಿ ಜಾಗ ಈಗಲೂ ಉಳಿದಿದೆ, ತುಂಬಲು ಶಕ್ತಿ ಇಲ್ಲ. ಹಲ್ಲು ಹೆಚ್ಚಿಸಿದರೆ ಕಾಗದದ ಮೇಲಿನ ವೇಗ ಏರುತ್ತದೆ, ಸರೋವರದ ಮೇಲಿನದು ಇಳಿದರೂ ಇಳಿಯಬಹುದು.

ಒಂದೇ ಒಂದು ಟ್ಯೂನಿಂಗನ್ನು ಮಾತ್ರ ಅಲಕ್ಷಿಸಬೇಡಿ: ಕಾರ್ಬ್ಯುರೇಟರಿನ ಜೆಟ್, ಅಂದರೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತುಂಡು. ನನ್ನ ಎರಡನೆಯ ಚಳಿಗಾಲ. ಮಿಲ್ ಲ್ಯಾಕ್ಸ್ ಸರೋವರ, ಬೆಳಿಗ್ಗೆ ಮೈನಸ್ 29. ಹಿಂದಿನ ವಾರದ ಬೆಚ್ಚನೆಯ ಹವೆಗೆ ಹಾಕಿದ್ದ ಜೆಟ್‌ಗಳು ಹಾಗೇ ಇದ್ದವು. ಅಷ್ಟು ಚಳಿಯಲ್ಲಿ ಗಾಳಿ ಶೂನ್ಯ ಡಿಗ್ರಿಯದಕ್ಕಿಂತ ಶೇ 12ರಷ್ಟು ದಟ್ಟ, ಪೆಟ್ರೋಲ್ ಮಾತ್ರ ಹಳೆಯ ಅಳತೆಯದು. ಗಾಡಿ ಅದ್ಭುತವಾಗಿ ಓಡಿತು, ಎಂದೂ ಇಲ್ಲದಷ್ಟು ಚುರುಕು. ಮೂರು ಮೈಲಿ ಆದ ಮೇಲೆ ಒಮ್ಮೆಲೇ ಸುಮ್ಮನಾಯಿತು. ಬಿಚ್ಚಿದಾಗ, ಪೆಟ್ರೋಲ್ ಸಾಲದೆ ಅತಿಯಾಗಿ ಕಾದ ಪಿಸ್ಟನ್ನಿನ ತಲೆಯಲ್ಲಿ ಕಿರುಬೆರಳು ತೂರುವಷ್ಟು ತೂತು. ಮೀನು ಹಿಡಿಯುವವರೊಬ್ಬರು ತಮ್ಮ ಗಾಡಿಗೆ ಕಟ್ಟಿ ಎಳೆದು ತಂದರು, ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ. ಹಾಗಾಗಿ ಚಳಿ ಹೆಚ್ಚಿದ ದಿನ ದೊಡ್ಡ ಜೆಟ್ ಹಾಕಿ, ಪ್ಲಗ್ ತೆಗೆದು ಬಣ್ಣ ನೋಡಿ: ಕಾಫಿಪುಡಿಯ ಬಣ್ಣವಿದ್ದರೆ ನೆಮ್ಮದಿ, ಬಿಳಿಚಿದ್ದರೆ ಅಲ್ಲಿಗೇ ನಿಲ್ಲಿಸಿ.

ಅಂದಹಾಗೆ, ಮಿನೆಸೋಟಾದ ಸಾರ್ವಜನಿಕ ನೆಲ ಮತ್ತು ನೀರಿನ ಮೇಲೆ ಸ್ನೋಮೊಬೈಲಿಗೆ ಇರುವ ಮಿತಿ ಗಂಟೆಗೆ 50 ಮೈಲಿ. ನೀವು ದುಃಖಪಡುತ್ತಿರುವ 78ರ ಮೇಲೂ ದಂಡ ಬೀಳುತ್ತದೆ.

ಪ್ರಶ್ನೆ: ಗುಲ್ಮಾರ್ಗ್‌ನಲ್ಲಿ ನಾವಿಬ್ಬರೂ ಸ್ನೋಮೊಬೈಲ್ ಹತ್ತಿದ್ದೆವು. ಚಾಲಕ ಪೂರ್ತಿ ಥ್ರಾಟಲ್ ಕೊಟ್ಟರೂ ಗಾಡಿ ಏರಿನಲ್ಲಿ ತೆವಳಿತು. ಹಳೆಯ ಗಾಡಿ ಕೊಟ್ಟು ಮೋಸ ಮಾಡಿದರೆಂದು ನಮ್ಮ ಯಜಮಾನರ ವಾದ. ನಿಜವೇ?
— ಧಾರವಾಡದ ಓದುಗರು

ಉತ್ತರ: ಈ ಬಾರಿ ಯಜಮಾನರು ಸೋತಂತೆಯೇ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರಿಗೆ ಹತ್ತಿರಹತ್ತಿರ ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಕಾಲು ಭಾಗ ಮಾಯ. ಮೇಲೆ ಮೂವರ ಭಾರ, ಕೆಳಗೆ ಬಹುಶಃ ಮಧ್ಯಾಹ್ನದ ಒದ್ದೆ ಹಿಮ. ಈ ವಾಹನ ಹುಟ್ಟಿದ್ದೂ ಪಂದ್ಯಕ್ಕಲ್ಲ. ಕ್ವಿಬೆಕ್‌ನ ವಾಲ್ಕೂರ್ ಎಂಬ ಊರಿನ ಮೆಕ್ಯಾನಿಕ್ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1934ರ ಚಳಿಗಾಲದಲ್ಲಿ, ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆ ತಲುಪಲಾಗದೆ ಎಳೆಯ ಮಗನನ್ನು ಕಳೆದುಕೊಂಡರು. ಪಟ್ಟಿಯ ಮೇಲೆ ಓಡುವ ಅವರ ಏಳು ಆಸನಗಳ ಗಾಡಿ ಬಂದದ್ದು ಅದಾದ ಮೇಲೆ, 1937ರಲ್ಲಿ. ಇಬ್ಬರು ಕೂರುವ ಸಣ್ಣ ಸ್ಕೀ-ಡೂ ಬರಲು 1959 ಆಯಿತು.

ಪ್ರಶ್ನೆ: ನಾವು ಯೆಜ್ಡಿಯ ಸೈಲೆನ್ಸರಿನ ಒಳಗಿನದನ್ನು ಕಿತ್ತು ಓಡಿಸಿದವರು. ಸ್ನೋಮೊಬೈಲಿಗೂ ಆ ಉಪಾಯ ನಡೆಯುತ್ತದೆಯೇ?
— ಮೈಸೂರಿನ ಓದುಗರು

ಉತ್ತರ: ನಾನೂ ಕಿತ್ತವನೇ. ಸದ್ದು ಏರಿತ್ತು, ವೇಗ ಏರಿದ್ದು ನಮ್ಮ ತಲೆಯಲ್ಲಿ. ಟೂ ಸ್ಟ್ರೋಕ್ ಸ್ನೋಮೊಬೈಲಿನ ಉಬ್ಬಿದ ಹೊಟ್ಟೆಯ ಪೈಪು ಬರಿಯ ಹೊಗೆಕೊಳವೆಯಲ್ಲ. ಅದರೊಳಗೆ ಹೋದ ಒತ್ತಡದ ಅಲೆ ತಿರುಗಿ ಬಂದು, ಹೊರಗೆ ಸೋರುತ್ತಿರುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ವಾಪಸು ನೂಕುತ್ತದೆ. ಆ ಅಲೆ ಸರಿಯಾದ ಕ್ಷಣಕ್ಕೆ ಮರಳುವುದು ಒಂದು ಆರ್‌ಪಿಎಂನಲ್ಲಿ, ಪೈಪು ಒಂದು ಬಿಸಿಗೆ ಬಂದಾಗ ಮಾತ್ರ. ತಣ್ಣನೆಯ ಪೈಪಿನಲ್ಲಿ ಅಲೆ ನಿಧಾನ. ಅದಕ್ಕೇ ಡ್ರ್ಯಾಗ್ ಪಂದ್ಯದವರು ಹೊರಡುವ ಮೊದಲು ಎಂಜಿನ್ ಓಡಿಸಿ ಪೈಪು ಕಾಯಿಸಿಕೊಳ್ಳುತ್ತಾರೆ. ಪೈಪು ಬದಲಿಸಿದರೆ ಜೆಟ್ ಬದಲಿಸಬೇಕು, ಕ್ಲಚ್ಚಿನ ತೂಕವನ್ನೂ ಬದಲಿಸಬೇಕು. ಯೆಜ್ಡಿಯಲ್ಲಿ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇದ್ದವು. ನಾನು ಎಡಗಡೆಯದನ್ನು ಮಾತ್ರ ಕಿತ್ತಿದ್ದೆ, ಬಲಗಡೆಯ ನಟ್ಟು ತುಕ್ಕು ಹಿಡಿದಿತ್ತು.