ತಂಗಿಗೆ ಪಿಸಿಓಡಿ, ಮದ್ವೆ ಆದ್ಮೇಲೆ ಸರಿಹೋಗುತ್ತೆ ಅಂತ ಸುಮ್ನೆ ಬಿಟ್ರೆ ಮುಂದೆ ತೊಂದ್ರೆ ಆಗುತ್ತಾ?

ಆಗುತ್ತೆ ಕಣ್ರೀ, ದಯವಿಟ್ಟು ಬಿಡ್ಬೇಡಿ. ಪಿಸಿಓಡಿ ಅಂದ್ರೆ ಹಾರ್ಮೋನ್ ಏರುಪೇರಾಗಿ ಅಂಡಾಶಯದಲ್ಲಿ ಮೊಟ್ಟೆ ಸರಿಯಾಗಿ ಬಲೀದೆ ಮುಟ್ಟು ತಪ್ಪೋ ತೊಂದ್ರೆ. ತಂಗಿಗೆ 21 ವರ್ಷ, ನಾಲ್ಕೈದು ತಿಂಗ್ಳಿಗೊಂದ್ಸಲ ಡೇಟ್ ಆಗುತ್ತೆ ಅಂತ ಬರ್ದಿದೀರ, ಓದಿ ಕರುಳು ಚುರುಕ್ ಅಂತು, ಯಾಕಂದ್ರೆ ಈ ಮದ್ವೆ ಮಾತು ನಂಗೂ ಹೇಳಿದ್ರು.

ನಮ್ದು ಬೇಲೂರು ಕಡೆ ಹಳ್ಳಿ, ಹಾಸನದಲ್ಲಿ ಹಾಸ್ಟೆಲಲ್ಲಿದ್ದು ಡಿಗ್ರಿ ಓದ್ತಿದ್ದೆ. ಕತ್ತಿನ ಹಿಂದೆ ಕಪ್ಪಗೆ ಪಟ್ಟೆ ತರ ಆಗಿತ್ತು, ಊರಿಗೆ ಹೋದಾಗೆಲ್ಲ ಅಮ್ಮ ಕೊಳೆ ಅನ್ಕೊಂಡು ಬಚ್ಚಲಲ್ಲಿ ಕೂರ್ಸಿ ಕಡ್ಲೆಹಿಟ್ಟು ನಿಂಬೆಹಣ್ಣು ಹಾಕಿ ಉಜ್ಜೋರು, ಚರ್ಮ ಉರಿಯೋದೇ ಬಂತು, ಕಪ್ಪು ಹೋಗ್ಲಿಲ್ಲ. ರಕ್ತದಲ್ಲಿ ಶುಗರ್ ಹತೋಟೀಲಿಡೋ ಇನ್ಸುಲಿನ್ ಮೈಗೆ ಸರಿಯಾಗಿ ಹತ್ತದೆ ಅದು ಜಾಸ್ತಿ ಜಾಸ್ತಿ ಉತ್ಪತ್ತಿ ಆಗ್ತಿದ್ರೆ ಹಂಗಾಗುತ್ತೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಆ ಜಾಸ್ತಿ ಇನ್ಸುಲಿನ್ನೇ ಅಂಡಾಶಯದಲ್ಲಿ ಗಂಡು ಹಾರ್ಮೋನ್ ಏರ್ಸುತ್ತೆ, ಮೊಟ್ಟೆ ಬಲಿಯೋದು ಅರ್ಧಕ್ಕೇ ನಿಲ್ಲುತ್ತೆ. ಸ್ಕ್ಯಾನಲ್ಲಿ ಕಾಣೋ ಗುಳ್ಳೆಗಳು ಗಡ್ಡೆ ಅಲ್ಲ, ಹಂಗೆ ಬಲೀದೆ ನಿಂತವು ಅಷ್ಟೆ. ತಾಳಿ ಕಟ್ಟಿದ್ರೆ ಇದು ಹೆಂಗೆ ಸರಿಹೋಗುತ್ತೆ ಹೇಳಿ?

ಮನೇಲಿ ಎಲ್ರಿಗೂ ಮಗು ಆಗುತ್ತೋ ಇಲ್ವೋ ಅನ್ನೋದೊಂದೇ ಚಿಂತೆ. ಬಹಳ ಜನಕ್ಕೆ ಆಗುತ್ತೆ, ನಂಗೂ ಆಯ್ತು. ಆದ್ರೆ ಬಸುರಿಲಿ ಶುಗರ್ ಬಂತು, ಹೆರಿಗೆ ಆದ್ಮೇಲೆ ಹೋಯ್ತು ಅಂತ ನೆಮ್ಮದಿಯಾಗಿದ್ದೆ, 36ಕ್ಕೆ ವಾಪಸ್ ಬಂದು ಕೂತ್ಕೊಳ್ತು, ಈಗ ದಿನಾ ಮಾತ್ರೆ. ಬಿಪಿ, ಕೊಲೆಸ್ಟ್ರಾಲು, ಮನಸ್ಸು ಕುಗ್ಗೋದು, ಇವೂ ಪಿಸಿಓಡಿ ಇರೋರಿಗೆ ಜಾಸ್ತಿ.

ಇನ್ನೊಂದು ವಿಷ್ಯ ನಮಗೆ ಯಾರೂ ಬಾಯ್ಬಿಟ್ಟು ಹೇಳಲ್ಲ. ತಿಂಗ್ಳುಗಟ್ಲೆ ಮುಟ್ಟಾಗ್ದೆ ಇದ್ರೆ ಗರ್ಭಕೋಶದ ಒಳಪದರ ಉದುರದೆ ದಪ್ಪ ಆಗ್ತಾ ಹೋಗ್ಬೋದು, ವರ್ಷಾನುಗಟ್ಲೆ ಹಂಗೇ ಬಿಟ್ರೆ ಮುಂದೆ ಅಲ್ಲಿ ಕ್ಯಾನ್ಸರ್ ಆಗೋ ಅಪಾಯ ಜಾಸ್ತಿ. ಹೆದರ್ಬೇಡಿ, 21ರಲ್ಲಿ ಅದು ತೀರಾ ಅಪರೂಪ. ಆದ್ರೆ 90 ದಿನ ದಾಟಿದ್ರೂ ಡೇಟ್ ಆಗಿಲ್ಲ ಅಂದ್ರೆ ಡಾಕ್ಟ್ರನ್ನ ನೋಡ್ಲೇಬೇಕು, ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಮಾತ್ರೆ ಕೊಟ್ಟು ಮುಟ್ಟು ಬರ್ಸ್ತಾರೆ. ಆ ಮಾತ್ರೆ ತಗೊಂಡ್ರೆ ಮಕ್ಕಳಾಗಲ್ಲ ಅಂತ ಯಾರಾದ್ರೂ ಅಂದ್ರೆ ಕಿವಿಗೇ ಹಾಕ್ಕೋಬೇಡಿ.

ಶುಗರ್ ಟೆಸ್ಟು ಬರೀ ಖಾಲಿ ಹೊಟ್ಟೇದು ಸಾಲಲ್ಲ, 75 ಗ್ರಾಂ ಗ್ಲೂಕೋಸ್ ಕುಡ್ಸಿ 2 ಗಂಟೆ ಬಿಟ್ಟು ಮತ್ತೆ ರಕ್ತ ತಗೊಳ್ಳೋದನ್ನ ಮಾಡ್ಸಿ. ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರ್ಸೋ ಹಾರ್ಮೋನ್) ಟೆಸ್ಟು ಕೂಡ, ಅವು ಹೆಚ್ಚುಕಮ್ಮಿ ಆದ್ರೂ ಡೇಟ್ ತಪ್ಪುತ್ತೆ. ತೂಕ ಜಾಸ್ತಿ ಇದ್ರೆ ನೂರಕ್ಕೆ 5 ಪಾಲು ಇಳಿಸಿದ್ರೂ ಎಷ್ಟೋ ಜನಕ್ಕೆ ಡೇಟ್ ಹತ್ರಕ್ಕೆ ಬರುತ್ತೆ.

ಡಾಕ್ಟ್ರ ಹತ್ರ ಹೋಗುವಾಗ ಅಮ್ಮನ್ನೂ ಕರ್ಕೊಂಡ್ ಹೋಗಿ, ಅವರ ಕಿವಿಗೂ ಬೀಳ್ಲಿ. ತಂಗಿ ಜಡೆ ಹಾಕ್ಕೊಳ್ಳುವಾಗ ಕತ್ತಿನ ಹಿಂದೆ ಒಂದ್ಸಲ ನೋಡಿ. ಕಪ್ಪಗಿದ್ರೆ ಡಾಕ್ಟ್ರಿಗೆ ತೋರ್ಸಿ, ಉಜ್ಜೋದು ಮಾತ್ರ ಬೇಡ.