ಗ್ಯಾರೇಜ್ ಪ್ರಶ್ನೋತ್ತರ: ಹಳೆ ಬೈಕು, ಹಟಮಾರಿ ಕಾರ್ಬ್ಯುರೇಟರ್

ಈ ಸಲದ ಪತ್ರಗಳೆಲ್ಲ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಸುತ್ತಲೇ ಇವೆ. ಎಲ್ಲರೂ ಗಾಡಿಯನ್ನು ದಿನಾ ಓಡಿಸುವವರು, ಶೋಕೇಸಿನಲ್ಲಿ ನಿಲ್ಲಿಸುವವರಲ್ಲ. ಹಾಗಾಗಿ ಉತ್ತರಗಳೂ ದಿನದ ಓಡಾಟಕ್ಕೆ ತಕ್ಕಂತಿವೆ. ಪೆಟ್ರೋಲನ್ನು ಅಳತೆಗೆ ಬಿಡುವ ಸಣ್ಣ ತೂತಿನ ತುಂಡೇ ಜೆಟ್. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಮ್ಮಿಯಾದರೆ ಲೀನ್, ಹೆಚ್ಚಾದರೆ ರಿಚ್. ಗ್ಯಾರೇಜಿನ ಈ ಮಾತನ್ನೇ ಇಲ್ಲೂ ಬಳಸಿದ್ದೇವೆ.

ನನ್ನದು ರಾಜದೂತ್ 350. ಸಿಗ್ನಲ್ಲಿನಲ್ಲಿ ಒಮ್ಮೆ ಆಫ್ ಆಗುತ್ತದೆ, ಒಮ್ಮೆ ತಾನೇ ರೇಸ್ ಆಗುತ್ತದೆ. ನಿಧಾನಕ್ಕೆ ಹೋಗುವಾಗ ಜರ್ಕ್ ಹೊಡೆಯುತ್ತದೆ. ಬಲಗಡೆ ಸೈಲೆನ್ಸರಿನಲ್ಲಿ ಹೊಗೆ ಜಾಸ್ತಿ. ಎರಡು ಸಲ ಮೇನ್ ಜೆಟ್ ಬದಲಿಸಿದರೂ ವ್ಯತ್ಯಾಸವಿಲ್ಲ. ಏನು ಮಾಡಲಿ?
— ಓದುಗರು, ಬೆಂಗಳೂರು

ವ್ಯತ್ಯಾಸವಾಗದೇ ಇರುವುದು ಸಹಜ. ಮೇನ್ ಜೆಟ್ ಕೆಲಸ ಮಾಡುವುದು ಆಕ್ಸಿಲರೇಟರ್ ಮುಕ್ಕಾಲು ತಿರುಗಿದ ಮೇಲೆ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ನೀವು ಎಷ್ಟು ಸಲ ಮುಕ್ಕಾಲು ತಿರುಗಿಸುತ್ತೀರಿ? ಮುಚ್ಚಿದ ಸ್ಥಿತಿಯಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ (ಐಡ್ಲಿಂಗಿನ ಚಿಕ್ಕ ಜೆಟ್) ಮತ್ತು ಅದರ ಗಾಳಿ ಹೊಂದಿಸುವ ಏರ್ ಸ್ಕ್ರೂ, ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ (ಆಕ್ಸಿಲರೇಟರ್ ತಿರುಗಿಸಿದಂತೆ ಮೇಲೇಳುವ ಬಾಗಿಲು) ಕಟ್‌ಅವೇ, ಅಂದರೆ ಅದರ ಕೆಳ ಅಂಚಿನ ಓರೆ ಕೊರೆತ, ಕಾಲು ಭಾಗದಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ಜೋಡಿಸಿದ ಸೂಜಿ ಮತ್ತು ಅದು ಇಳಿಯುವ ನೀಡಲ್ ಜೆಟ್ ಪೆಟ್ರೋಲಿನ ಲೆಕ್ಕ ಇಡುತ್ತವೆ. ಊರೊಳಗಿನ ಓಡಾಟ ಹೆಚ್ಚುಕಮ್ಮಿ ಈ ಮೂರರಲ್ಲೇ ಮುಗಿಯುತ್ತದೆ.

ಕಾರ್ಬ್ ಮುಟ್ಟುವ ಮೊದಲು ಇಗ್ನಿಷನ್ ನೋಡಿ. ಈ ಗಾಡಿಯಲ್ಲಿ ಎರಡು ಸಿಲಿಂಡರಿಗೆ ಎರಡು ಪಾಯಿಂಟ್ ಸೆಟ್ (ಪ್ಲಗ್ಗಿನಲ್ಲಿ ಕಿಡಿ ಹೊಡೆಸುವ ಸ್ವಿಚ್). ಒಂದೊಂದರ ಗ್ಯಾಪ್ 0.3ರಿಂದ 0.4 ಮಿ.ಮೀ. ಒಳಗಿರಬೇಕು, ಟೈಮಿಂಗನ್ನೂ (ಕಿಡಿ ಹೊಡೆಯುವ ಸಮಯ) ಒಂದೊಂದಕ್ಕೆ ಪ್ರತ್ಯೇಕವಾಗಿ ಕೂರಿಸಬೇಕು. ಒಂದು ಕಡೆ ಟೈಮಿಂಗ್ ಹಿಂದಿದ್ದರೆ ಕಾರ್ಬ್ ಎಷ್ಟು ತಿರುಗಿಸಿದರೂ ಆ ಕಡೆ ಮಂದವೇ. ಎರಡು ಸಿಲಿಂಡರಿನ ಕಂಪ್ರೆಷನ್ ಅಳೆಸಿ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ರಿಂಗ್, ಬೋರ್ ನೋಡದೆ ಮುಂದೆ ಹೋಗಬೇಡಿ. ಇನ್‌ಟೇಕ್ ರಬ್ಬರನ್ನು ಬಗ್ಗಿಸಿ ಬಿರುಕಿದೆಯೇ ನೋಡಿ. ಒಳಗೆ ಹೋದ ಮಿಶ್ರಣ ಹಿಂದೆ ಬರದಂತೆ ತಡೆಯುವ ರೀಡ್ ವಾಲ್ವಿನ ಪತ್ತಿಗಳ ತುದಿ ಮುಕ್ಕಾಗಿದ್ದರೆ ಅದೊಂದೇ ಐಡ್ಲಿಂಗ್ ಕೆಡಿಸಲು ಸಾಕು.

ಇವೆಲ್ಲ ಸರಿಯಿದ್ದರೆ ಎರಡೂ ಕಾರ್ಬ್‌ಗಳ ಪೆಟ್ರೋಲ್ ಮಟ್ಟ ಒಂದೇ ಮಾಡಿ. ಫ್ಲೋಟ್ ಬೌಲಿನ (ಕಾರ್ಬಿನ ತಳದ ಪೆಟ್ರೋಲ್ ಬಟ್ಟಲು) ಕೆಳಗಿನ ಡ್ರೈನಿಗೆ ಪಾರದರ್ಶಕ ಪೈಪು ಸಿಕ್ಕಿಸಿ ಕಾರ್ಬಿನ ಪಕ್ಕ ಎತ್ತಿ ಹಿಡಿದರೆ ಒಳಗಿನ ಮಟ್ಟ ಹೊರಗೇ ಕಾಣುತ್ತದೆ. ಬೌಲಿನ ಜೋಡಣೆಯ ಗೆರೆಯಿಂದ ಎಷ್ಟು ಕೆಳಗಿದೆ ಎಂದು ಎರಡೂ ಕಡೆ ಅಳೆಯಿರಿ. ವ್ಯತ್ಯಾಸ 1 ಮಿ.ಮೀ. ದಾಟಿದರೆ ಒಳಗೆ ತೇಲುವ ಫ್ಲೋಟಿನ ನಾಲಿಗೆಯನ್ನು ಕೂದಲೆಳೆಯಷ್ಟು ಬಗ್ಗಿಸಿ ಸರಿಮಾಡಿ. ನಿಮ್ಮ ಬಲಗಡೆಯ ಹೊಗೆಗೆ ಮೊದಲ ಅನುಮಾನ ಇಲ್ಲೇ.

ಈಗ ಮುಖ್ಯ ಕೆಲಸ, ಸ್ಲೈಡುಗಳ ಜೋಡಿ. ಗ್ರಿಪ್ಪಿನಿಂದ ಬರುವ ಒಂದೇ ಕೇಬಲ್ ಕೆಳಗೆ ಮೂರಾಗುತ್ತದೆ: ಎರಡು ಕಾರ್ಬಿಗೆ, ಒಂದು ಆಯಿಲ್ ಪಂಪಿಗೆ. ಫಿಲ್ಟರ್ ಕಡೆಯ ರಬ್ಬರ್ ಬಿಚ್ಚಿ ಕಾರ್ಬಿನ ಬಾಯಿ ಕಾಣುವಂತೆ ಮಾಡಿ. ಸ್ಲೈಡ್ ಪೂರ್ತಿ ಕೆಳಗಿಳಿಯದಂತೆ ತಡೆಯುವ ಎರಡೂ ಸ್ಟಾಪ್ ಸ್ಕ್ರೂ ಪೂರ್ತಿ ಸಡಿಲಿಸಿ, ಸ್ಲೈಡುಗಳು ತಳ ಮುಟ್ಟಲಿ. 2.5 ಮಿ.ಮೀ.ನ ಎರಡು ಡ್ರಿಲ್ ಬಿಟ್ ತಗೊಂಡು ಅವುಗಳ ನುಣುಪು ಕಡ್ಡಿಯ ಕಡೆಯನ್ನು ಒಂದೊಂದು ಸ್ಲೈಡಿನ ಕೆಳಗೆ ಸಿಕ್ಕಿಸಿ, ಬಿಟ್ ಹೊರಗೆ ಚಾಚಿರಲಿ. ಗ್ರಿಪ್ ಬಹಳ ನಿಧಾನವಾಗಿ ತಿರುಗಿಸಿ. ಹಿಡಿತ ತಪ್ಪಿದ ಕ್ಷಣ ಬಿಟ್ ತಲೆ ಬಾಗಿಸುತ್ತದೆ. ಎರಡೂ ಒಟ್ಟಿಗೆ ಬಾಗಬೇಕು. ಒಂದು ಮೊದಲು ಬಾಗಿದರೆ ಆ ಕಡೆಯ ಕೇಬಲ್ ಬಿಗಿ ಎಂದರ್ಥ. ಅಡ್ಜಸ್ಟರ್ ತಿರುಗಿಸಿ ಸಡಿಲಿಸಿ. ಗ್ರಿಪ್ ಪೂರ್ತಿ ತಿರುಗಿಸಿದಾಗಲೂ ಎರಡೂ ಸ್ಲೈಡ್ ಬಾಯಿಯಿಂದ ಪೂರ್ತಿ ಮೇಲೇಳುತ್ತವೆಯೇ ನೋಡಿ. ಆರಂಭ ಮತ್ತು ಕೊನೆ ಎರಡನ್ನೂ ಸಮ ಮಾಡಲಾಗದಿದ್ದರೆ ಆರಂಭವನ್ನೇ ಉಳಿಸಿಕೊಳ್ಳಿ, ನಿಮ್ಮ ಜರ್ಕ್ ಹುಟ್ಟುವುದು ಅಲ್ಲಿ. ಕೊನೆಗೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದರೂ ಕೇಬಲಿನಲ್ಲಿ 1 ಮಿ.ಮೀ. ಆಟ ಉಳಿದಿರಲಿ.

ಏರ್ ಸ್ಕ್ರೂಗಳನ್ನು ಮೆಲ್ಲಗೆ ತಳ ಮುಟ್ಟಿಸಿ ಒಂದೂವರೆ ಸುತ್ತು ಹೊರಗೆ ತನ್ನಿ. ಬಿಗಿದು ಮುಟ್ಟಿಸಿದರೆ ತುದಿ ಗೀರಿ ಕೂರುವ ಜಾಗ ಹಾಳಾಗುತ್ತದೆ, ಆಮೇಲೆ ಟ್ಯೂನಿಂಗ್ ಎಂಬ ಮಾತೇ ಇಲ್ಲ. ಗಾಡಿಯನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ಸ್ಟಾಪ್ ಸ್ಕ್ರೂಗಳನ್ನು ಸಮವಾಗಿ ತಿರುಗಿಸುತ್ತಾ ಐಡ್ಲಿಂಗ್ 1,300ರ ಹತ್ತಿರ ತನ್ನಿ. ಎಂಜಿನ್ ಆಫ್ ಮಾಡಿ ಒಂದು ಕಡೆಯ ಪ್ಲಗ್ ಕ್ಯಾಪ್ ತೆಗೆದು, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ ಹೆಡ್ಡಿಗೆ ಅರ್ತ್ ಆಗುವಂತೆ ಇಡಿ. ಅರ್ತ್ ಇಲ್ಲದೆ ತೂಗಾಡಲು ಬಿಟ್ಟರೆ ಕಾಯಿಲ್ ಕೆಡಬಹುದು. ಸ್ಟಾರ್ಟ್ ಮಾಡಿದರೆ ಒಂದೇ ಸಿಲಿಂಡರ್ ಕುಂಟುತ್ತಾ ಕೆಲ ಸೆಕೆಂಡು ಉಸಿರು ಹಿಡಿದು ನಿಲ್ಲುತ್ತದೆ. ಇನ್ನೊಂದು ಕಡೆಗೂ ಹಾಗೇ ಮಾಡಿ. ಬೇಗ ಸೋಲುವ ಕಡೆಯ ಸ್ಟಾಪ್ ಸ್ಕ್ರೂ ಸ್ವಲ್ಪ ಏರಿಸಿ. ಎರಡೂ ಸರಿಸುಮಾರು ಒಂದೇ ಹೊತ್ತು ಓಡಿ ನಿಲ್ಲಬೇಕು. ಬಳಿಕ ಎರಡೂ ಕ್ಯಾಪ್ ಹಾಕಿ ಏರ್ ಸ್ಕ್ರೂಗಳನ್ನು ಒಂದೊಂದಾಗಿ ಕಾಲು ಸುತ್ತಿನಂತೆ ಆಚೀಚೆ ತಿರುಗಿಸಿ ಶಬ್ದ ಅತಿ ನಯವಾಗುವ ಜಾಗ ಹುಡುಕಿ. ಆ ಜಾಗ ಅರ್ಧ ಸುತ್ತಿಗಿಂತ ಒಳಗೆ ಸಿಕ್ಕರೆ ಪೈಲಟ್ ಜೆಟ್ ಚಿಕ್ಕದು ಅಥವಾ ಕಟ್ಟಿಕೊಂಡಿದೆ. ಎರಡೂವರೆ ಸುತ್ತು ದಾಟಿದರೆ ಜೆಟ್ ದೊಡ್ಡದು.

ಸೂಜಿಯ ಪರೀಕ್ಷೆ ರಸ್ತೆಯಲ್ಲೇ. ಗ್ರಿಪ್ಪಿನ ಮೇಲೆ ಬಿಳಿ ಟೇಪು ಸುತ್ತಿ ಎಂಟನೇ ಒಂದು, ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಹಾಕಿ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಅರ್ಧದ ಗೆರೆಗೆ ಹಿಡಿಯಿರಿ. ಬುರ್ರ್ ಬುರ್ರ್ ಎಂದು ಒಂದು ಬಿಟ್ಟು ಒಂದು ಹೊಡೆದಂತಾದರೆ ರಿಚ್, ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಮೇಲೆ ಹಾಕಿ. ಪಿಕಪ್ ಇಲ್ಲದೆ ಸೊರಗಿ, ಗ್ರಿಪ್ ತುಸು ಬಿಟ್ಟಾಗ ಚೇತರಿಸಿದರೆ ಲೀನ್; ಕ್ಲಿಪ್ ಒಂದು ಕಚ್ಚು ಕೆಳಗೆ ಬರಲಿ. ಟೂ ಸ್ಟ್ರೋಕಿನಲ್ಲಿ ಅನುಮಾನ ಬಂದಾಗ ತುಸು ರಿಚ್ ಕಡೆಗೇ ವಾಲಿ. ಲೀನ್ ಆದರೆ ಪಿಸ್ಟನ್ ಸೀಜ್ ಆಗುತ್ತದೆ, ರಿಚ್ ಆದರೆ ಪ್ಲಗ್ ಒರೆಸಿದರೆ ಸಾಕು.

ಎಲ್ಲ ಮುಗಿದ ಮೇಲೆ ಆಯಿಲ್ ಪಂಪಿನ ಕೇಬಲನ್ನು ಪುಲ್ಲಿಯ ಗುರುತಿಗೆ ಮತ್ತೆ ಹೊಂದಿಸಲೇಬೇಕು. ಕಾರ್ಬ್ ಕೇಬಲ್ ಮುಟ್ಟಿದಾಗ ಇದೂ ಸರಿದಿರುತ್ತದೆ. ಇದನ್ನು ಮರೆತು ಎಂಜಿನ್ ಕಳೆದುಕೊಂಡವರು ಜೆಟ್ಟಿನ ತಪ್ಪಿನಿಂದ ಕಳೆದುಕೊಂಡವರಿಗಿಂತ ಕಮ್ಮಿಯೇನಲ್ಲ. ಇನ್ನೊಂದು ಮಾತು: ಈ ಗಾಡಿಯಲ್ಲಿ ಎಚ್‌ಟಿ (ಹೈ ಟಾರ್ಕ್), ಎಲ್‌ಟಿ (ಲೋ ಟಾರ್ಕ್) ಎಂದು ಎರಡು ಬಗೆ. ಸ್ನೇಹಿತರ ಗಾಡಿಯ ಜೆಟ್ ನಂಬರನ್ನು ಕಣ್ಣು ಮುಚ್ಚಿ ನಕಲು ಮಾಡಬೇಡಿ.

ಯೆಜ್ಡಿ ರೋಡ್‌ಕಿಂಗ್, ಹಳೇ ಜಿಕೋವ್ ಕಾರ್ಬ್. ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ನೆಲದ ಮೇಲೆ ಪೆಟ್ರೋಲ್. ಹೊಸ ಮಿಕುನಿ ಕಾರ್ಬ್ ಹಾಕಿಸಿ ಎನ್ನುತ್ತಿದ್ದಾರೆ, ಹಾಕಿಸಲೇ?
— ಓದುಗರು, ಮೈಸೂರು

ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆಯಿದ್ದ ಊರಿನಿಂದಲೇ ಈ ಪ್ರಶ್ನೆ ಬಂದಿರುವುದು ಚೆನ್ನಾಗಿದೆ. ಎರಡು ತೊಂದರೆಗೂ ಕಾರಣ ಬೇರೆ ಬೇರೆ, ಸದ್ಯಕ್ಕೆ ಮಿಕುನಿ ಬೇಡ.

ರೇಸ್ ಇಳಿಯದಿರುವುದು ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿರುವುದರ ಲಕ್ಷಣ. ಐಡ್ಲಿಂಗಿನಲ್ಲಿ ಕಾರ್ಬ್ ಕೂರುವ ಜಾಗ ಮತ್ತು ಸಿಲಿಂಡರಿನ ಬುಡದ ಸುತ್ತ ಸೋಪಿನ ನೀರನ್ನು ಸ್ವಲ್ಪ ಸ್ಪ್ರೇ ಮಾಡಿ. ಶಬ್ದ ಬದಲಾದ ಜಾಗದಲ್ಲೇ ಸೋರಿಕೆ. ಅಲ್ಲೆಲ್ಲೂ ಇಲ್ಲದಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲು. ಬಲಗಡೆ ಡೈನಮೋ ಕವರ್ ತೆಗೆದು ನೋಡಿ. ಸೀಲಿನ ಸುತ್ತ ಎಣ್ಣೆ ಒದ್ದೆಯಿದ್ದರೆ ಆ ಸೀಲು ಹೋಗಿದೆ, ಅಲ್ಲಿಂದಲೇ ಗಾಳಿ ಎಳೆಯುತ್ತಿದೆ. ಎಡಗಡೆಯ, ಅಂದರೆ ಕ್ಲಚ್ ಕಡೆಯ ಸೀಲು ಹೋದರೆ ಕತೆ ಬೇರೆ: ಗೇರ್ ಆಯಿಲ್ ಒಳಗೆ ಹೋಗಿ ಬಿಳಿ ಹೊಗೆ ಬರುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತದೆ. ಸೀಲು ಹೋದ ಎಂಜಿನ್ನಿನಲ್ಲಿ ಸ್ಕ್ರೂ ತಿರುಗಿಸಿ ರೇಸ್ ಇಳಿಸುವುದು ಜ್ವರಕ್ಕೆ ಥರ್ಮಾಮೀಟರ್ ಮುರಿದ ಹಾಗೆ. ಸೀಲು ಸರಿಯಿದ್ದೂ ರೇಸ್ ಇಳಿಯದಿದ್ದರೆ ಸ್ಲೈಡನ್ನು ಹಿಡಿದು ಅಲ್ಲಾಡಿಸಿ. ಬೋರಿನೊಳಗೆ ಕಟಕಟ ಎಂದರೆ ಸವೆದಿದೆ. ಕಾರ್ಬ್ ಬದಲಿಸಲು ಒಪ್ಪಬಹುದಾದ ಕಾರಣ ಅದೊಂದೇ.

ಪೆಟ್ರೋಲ್ ಸೋರುವುದಕ್ಕೆ ಮೊದಲು ಟಿಕ್ಲರ್ ಗುಂಡಿ (ಸ್ಟಾರ್ಟ್ ಮಾಡುವ ಮುನ್ನ ಫ್ಲೋಟ್ ಒತ್ತಲು ಕಾರ್ಬಿನ ಮೇಲಿರುವುದು) ನೋಡಿ. ಸ್ಪ್ರಿಂಗ್ ಸೋತು ಅದು ಕೆಳಗೇ ಸಿಕ್ಕಿಕೊಂಡರೆ ಫ್ಲೋಟನ್ನು ಒತ್ತಿ ಹಿಡಿಯುತ್ತದೆ, ಪೆಟ್ರೋಲ್ ನಿಲ್ಲುವುದೇ ಇಲ್ಲ. ಆಮೇಲೆ ಫ್ಲೋಟು. ಹಿತ್ತಾಳೆಯದಾದರೆ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ತೂತು. ಒಲೆಯಿಂದ ದೂರದಲ್ಲಿ, ಪಾತ್ರೆಯ ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ತೂತಿನ ಜಾಗ ತೋರಿಸುತ್ತದೆ. ಒಳಗಿನ ಪೆಟ್ರೋಲ್ ಪೂರ್ತಿ ಹೋಗುವ ಮುನ್ನ ಬೆಸುಗೆಯ ಕಡ್ಡಿ ಹತ್ತಿರ ತರಬೇಡಿ. ಬೆಸುಗೆ ಚುಕ್ಕೆಯಷ್ಟೇ ಇರಲಿ. ತವರ ಹೆಚ್ಚಿದಷ್ಟು ಫ್ಲೋಟು ಭಾರವಾಗಿ ಮಟ್ಟ ಏರುತ್ತದೆ, ಗಾಡಿ ರಿಚ್ ಆಗುತ್ತದೆ. ಇವೆರಡೂ ಸರಿಯಿದ್ದರೆ ಉಳಿದದ್ದು ಬೌಲಿಗೆ ಪೆಟ್ರೋಲ್ ಬರುವ ದಾರಿ ಮುಚ್ಚುವ ಫ್ಲೋಟ್ ಸೂಜಿ. ಅದರ ಕೋನದ ಮೇಲೆ ಉಂಗುರದಂತೆ ಗೆರೆ ಬಿದ್ದಿದ್ದರೆ ಬದಲಿಸಿ.

ನಿಮ್ಮ ಪತ್ರದಲ್ಲಿ "ಸೇಫ್ ಆಗಿರಲಿ ಎಂದು ಲೀಟರಿಗೆ 60 ಮಿ.ಲೀ. ಟೂಟಿ (ಟೂ ಸ್ಟ್ರೋಕ್) ಆಯಿಲ್ ಹಾಕುತ್ತೇನೆ" ಎಂದಿದ್ದೀರಿ. ಎಣ್ಣೆ ಹೆಚ್ಚಿದಷ್ಟು ಅದೇ ಜೆಟ್ಟಿನಲ್ಲಿ ಹೋಗುವ ಪೆಟ್ರೋಲ್ ಕಮ್ಮಿಯಾಗಿ ಗಾಡಿ ಲೀನ್ ಆಗುತ್ತದೆ. ಲೀಟರಿಗೆ 40 ಮಿ.ಲೀ., ಅಂದರೆ 25ಕ್ಕೆ 1, ಸಾಕು. ಜೆಟ್ ಹೊಂದಿಸಿದ ಮೇಲೆ ಈ ಪ್ರಮಾಣ ಬದಲಿಸಬೇಡಿ.

ಹಳೇ ಬುಲೆಟ್ 350ರಲ್ಲಿ ವಾರಕ್ಕೊಮ್ಮೆ ಮಡಿಕೇರಿಗೆ ಹೋಗಿಬರುತ್ತೇನೆ. ಸಂಪಾಜೆ ಘಾಟಿ ಹತ್ತುವಾಗ ಕಪ್ಪು ಹೊಗೆ, ಗಾಡಿ ಎಳೆಯುವುದಿಲ್ಲ. ಎತ್ತರಕ್ಕೆ ಬೇರೆ ಜೆಟ್ ಬೇಕೆ?
— ಓದುಗರು, ಮಂಗಳೂರು

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಮಿಶ್ರಣ ರಿಚ್ ಆಗುವುದು ನಿಜ. ಆದರೆ ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ನೂರಕ್ಕೆ 10 ಕಮ್ಮಿ, ಅದರಿಂದ ಮಿಶ್ರಣ ರಿಚ್ ಆಗುವುದು 5ರಷ್ಟು ಮಾತ್ರ. ಅಷ್ಟಕ್ಕೇ ಕಪ್ಪು ಹೊಗೆ ಬರುವುದಿಲ್ಲ. ನಿಮ್ಮ ಗಾಡಿ ಮಂಗಳೂರಿನಲ್ಲೇ ರಿಚ್ ಇದೆ. ಘಾಟಿ ಅದನ್ನು ಬಯಲಿಗೆಳೆಯಿತು, ಅಷ್ಟೆ.

ಏರ್ ಫಿಲ್ಟರ್ ನೋಡಿ, ಕರಾವಳಿಯ ಮಳೆಗಾಲದಲ್ಲಿ ಅದು ತೇವ ಹಿಡಿದು ಗಾಳಿ ಬಿಡುವುದಿಲ್ಲ. ಚೋಕ್ ಪ್ಲಂಜರಿನ ಕೆಳಗಿನ ರಬ್ಬರ್ ಸವೆದಿದ್ದರೆ ಚೋಕ್ ಸದಾ ಅರ್ಧ ತೆರೆದ ಹಾಗೆ. ಘಾಟಿ ಹತ್ತುವುದು ಅರ್ಧ ಆಕ್ಸಿಲರೇಟರಿನಲ್ಲಿ, ಆದ್ದರಿಂದ ನೀಡಲ್ ಜೆಟ್ ಸವೆದು ತೂತು ಅಂಡಾಕಾರವಾಗಿದೆಯೇ ಪರೀಕ್ಷಿಸಿ. ಸೂಜಿ ಮತ್ತು ನೀಡಲ್ ಜೆಟ್ ಒಟ್ಟಿಗೇ ಬದಲಿಸಬೇಕು, ಒಂದನ್ನೇ ಹಾಕಿದರೆ ಹಣ ದಂಡ. ಎಳೆಯದಿರುವುದಕ್ಕೆ ಇನ್ನೊಂದು ಕಾರಣ ಪಾಯಿಂಟಿನ ಹಿಂದಿನ ಅಡ್ವಾನ್ಸ್ ತೂಕಗಳು (ವೇಗ ಏರಿದಂತೆ ಕಿಡಿಯನ್ನು ಬೇಗ ಹೊಡೆಸುವ ಭಾಗ) ತುಕ್ಕಿಗೆ ಹಿಡಿದುಕೊಳ್ಳುವುದು. ಬೆರಳಿನಿಂದ ತಿರುಗಿಸಿ ಬಿಟ್ಟರೆ ಅವು ತಾವೇ ಹಿಂದಕ್ಕೆ ಬರಬೇಕು.

ಜೆಟ್ಟನ್ನು ಮಂಗಳೂರಿಗೇ ಹೊಂದಿಸಿಟ್ಟುಕೊಳ್ಳಿ. ಮಡಿಕೇರಿಯ ಲೆಕ್ಕಕ್ಕೆ ಚಿಕ್ಕ ಜೆಟ್ ಹಾಕಿ ಕೆಳಗಿಳಿದರೆ ಬಿ.ಸಿ. ರೋಡಿನ ಬಿಸಿಲಿನಲ್ಲಿ ಗಾಡಿ ಲೀನ್ ಆಗಿ ಕಾಯುತ್ತದೆ.

ಆರ್‌ಎಕ್ಸ್ 100. ಇ20 (ನೂರಕ್ಕೆ 20 ಎಥನಾಲ್ ಬೆರೆತ) ಪೆಟ್ರೋಲ್ ಬಂದಮೇಲೆ ಜೆಟ್ ದೊಡ್ಡದು ಹಾಕಬೇಕು ಎನ್ನುತ್ತಾರೆ. ನಿಜವೇ?
— ಓದುಗರು, ಹುಬ್ಬಳ್ಳಿ

ಲೆಕ್ಕದ ಪ್ರಕಾರ ನಿಜ. ಬರೀ ಪೆಟ್ರೋಲಿನ 1 ಕಿಲೋ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಇ20ಗೆ ಸುಮಾರು 13.5. ಅಂದರೆ ಹಳೇ ಜೆಟ್ಟಿನಲ್ಲಿ ಗಾಡಿ ನೂರಕ್ಕೆ 7–8ರಷ್ಟು ಲೀನ್ ಕಡೆಗೆ ಸರಿಯುತ್ತದೆ. ಆದರೂ ಮೊದಲು ಪರೀಕ್ಷಿಸಿ, ಹಳೆ ಗಾಡಿಗಳು ತುಸು ರಿಚ್ ಇದ್ದೇ ಓಡುತ್ತಿರುತ್ತವೆ. ಓಡುವಾಗ ಚೋಕನ್ನು ಸ್ವಲ್ಪ ಎಳೆದು ನೋಡಿ: ಪಿಕಪ್ ಸುಧಾರಿಸಿದರೆ ಲೀನ್, ಇನ್ನೂ ಕೆಟ್ಟರೆ ಜೆಟ್ ಮುಟ್ಟಬೇಡಿ. ಲೀನ್ ಆಗಿದ್ದರೆ ಕ್ಲಿಪ್ ಒಂದು ಕಚ್ಚು ಕೆಳಗೆ, ಮೇನ್ ಜೆಟ್ ಒಂದು ನಂಬರ್ ಮೇಲೆ.

ಜೆಟ್ಟಿಗಿಂತ ನೀರಿನ ಚಿಂತೆ ದೊಡ್ಡದು. ಎಥನಾಲ್ ತೇವ ಹೀರುತ್ತದೆ, ಮಿತಿ ಮೀರಿದರೆ ನೀರೂ ಎಥನಾಲೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ ಫ್ಲೋಟ್ ಬೌಲ್ ಖಾಲಿ ಮಾಡಿ. ನಿಮ್ಮ ಗಾಡಿಯಲ್ಲಿ ಆಯಿಲ್ ಪಂಪ್ ಇದೆ. ಯೆಜ್ಡಿಯಂತೆ ಪೆಟ್ರೋಲಿಗೇ ಎಣ್ಣೆ ಬೆರೆಸುವವರು ಇನ್ನೂ ಎಚ್ಚರವಾಗಿರಬೇಕು, ತಳಕ್ಕಿಳಿದ ಆ ಪದರದಲ್ಲಿ ಎಣ್ಣೆ ಇರುವುದಿಲ್ಲ. ಹಳೇ ಪೆಟ್ರೋಲ್ ಪೈಪು ಮೆತ್ತಗಾಗಿದ್ದರೆ ಎಥನಾಲ್ ತಾಳುವಂಥದ್ದನ್ನು ಹಾಕಿಸಿ.

ಏರ್ ಫಿಲ್ಟರ್ ಡಬ್ಬಿ ತೆಗೆದು ಕೋನ್ ಫಿಲ್ಟರ್ ಹಾಕಿದರೆ ಪವರ್ ಬರುತ್ತದೆಯೇ?
— ಓದುಗರು, ದಾವಣಗೆರೆ

ಶಬ್ದ ಬರುತ್ತದೆ. ಗಾಡಿ ಲೀನ್ ಆಗಿ ಜೆಟ್ಟುಗಳನ್ನು ಮೊದಲಿನಿಂದ ಹೊಂದಿಸಬೇಕಾಗುತ್ತದೆ, ಮಳೆಯಲ್ಲಿ ನೀರೂ ಎಳೆಯುತ್ತದೆ. ದಿನದ ಗಾಡಿಗೆ ಡಬ್ಬಿಯೇ ಇರಲಿ.

ಪೈಲಟ್ ಜೆಟ್ ಪದೇ ಪದೇ ಕಟ್ಟಿಕೊಳ್ಳುತ್ತದೆ. ಸೂಜಿಯಿಂದ ಚುಚ್ಚಿ ಬಿಡಿಸುತ್ತೇನೆ. ಸರಿಯೇ?
— ಓದುಗರು, ಶಿವಮೊಗ್ಗ

ಬೇಡ. ಜೆಟ್ ಹಿತ್ತಾಳೆ, ಸೂಜಿ ಉಕ್ಕು. ನಾಲ್ಕು ಸಲ ಚುಚ್ಚಿದರೆ ನಂಬರ್ ಹಳೆಯದೇ ಉಳಿದು ತೂತು ಮಾತ್ರ ಹೊಸದಾಗಿರುತ್ತದೆ. ಕಾರ್ಬ್ ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಸಿ ಗಾಳಿ ಹೊಡೆಯಿರಿ. ಅಷ್ಟಕ್ಕೂ ಬಿಡದಿದ್ದರೆ ವಿದ್ಯುತ್ ವೈರಿನ ಒಂದೇ ಒಂದು ತಾಮ್ರದ ಎಳೆ ಹಾಕಿ. ಜೆಟ್ಟನ್ನು ಬೆಳಕಿಗೆ ಹಿಡಿದಾಗ ತೂತು ದುಂಡಗೆ ಕಾಣಬೇಕು. ಪದೇ ಪದೇ ಕಟ್ಟುತ್ತಿದ್ದರೆ ಕಸ ಬರುತ್ತಿರುವುದು ಟ್ಯಾಂಕಿನಿಂದ. ಕಾಕಿನ ಜಾಲರಿ ಬಿಚ್ಚಿ ನೋಡಿ, ಹರಿದಿದ್ದರೆ ಬದಲಿಸಿ. ಬೌಲಿನ ತಳದಲ್ಲಿ ಕೆಂಪು ಪುಡಿ ಇದ್ದರೆ ಅದು ತುಕ್ಕು. ಟ್ಯಾಂಕ್ ಇಳಿಸಿ ತೊಳೆಸಿದ ಮೇಲೆಯೇ ಕಾರ್ಬ್ ಬಿಚ್ಚಿ.