ಬರೆ ಎಳೆದವರು ದೊಡ್ಡಮ್ಮನೇ ಆದರೂ ಅದು ಅಪರಾಧ

ಪ್ರಶ್ನೆ: ಮೇಡಂ, ನಮ್ಮ ಪಕ್ಕದ ಮನೆಯಲ್ಲಿ 8 ವರ್ಷದ ಹುಡುಗ ದೊಡ್ಡಪ್ಪ-ದೊಡ್ಡಮ್ಮನ ಜೊತೆ ಇದ್ದಾನೆ. ಅಪ್ಪ-ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾರೆ. ಹೋದ ವಾರ ಅವನು ಡಬ್ಬಿಯಿಂದ 20 ರೂಪಾಯಿ ತಗೊಂಡು ಮಂಡಕ್ಕಿ-ಮಿರ್ಚಿ ತಿಂದನಂತೆ. ಅದಕ್ಕೆ ದೊಡ್ಡಮ್ಮ ಸಟ್ಟುಗ ಕಾಯಿಸಿ ತೊಡೆಗೆ ಎರಡು ಬರೆ ಎಳೆದಿದ್ದಾರೆ. ಗಾಯ ನಾನೇ ನೋಡಿದೆ. ಕೇಳಿದರೆ "ನಮ್ಮ ಮನೆ ಹುಡುಗ, ಬುದ್ಧಿ ಕಲಿಸ್ತೀವಿ, ನಿಮಗ್ಯಾಕೆ" ಅಂದರು. ನಮ್ಮ ಮನೆಯವರು ಸುಮ್ನೆ ಇರು ಅಂತಾರೆ. ಇದು ಕೇಸ್ ಆಗುತ್ತಾ? ನಾನು ಹೇಳಿದರೆ ನನಗೇ ತೊಂದರೆ ಆಗುತ್ತಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ಆಗುತ್ತೆ. ಈ ಪತ್ರಿಕೆ ಕೈಗೆ ಬರುವವರೆಗೂ ನೀವು ಕಾದಿದ್ದರೆ ಈಗಲಾದರೂ ಮೊದಲು 1098ಕ್ಕೆ ಫೋನ್ ಮಾಡಿ, ಆಮೇಲೆ ಉಳಿದದ್ದು ಓದಿ. ಅದು ಮಕ್ಕಳ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ನಿಮ್ಮ ಹೆಸರು ಹೇಳಲೇಬೇಕು ಅಂತಿಲ್ಲ. ಸಾಕ್ಷಿ ಹುಡುಕಿ ಕೊಡುವ ಜವಾಬ್ದಾರಿಯೂ ನಿಮ್ಮದಲ್ಲ. ನೋಡಿದ್ದನ್ನು ನೋಡಿದ ಹಾಗೆ ಹೇಳಿದರೆ ಸಾಕು.

ಈಗ ಕಾನೂನಿಗೆ ಬರೋಣ. 2015ರ ಬಾಲನ್ಯಾಯ ಕಾಯ್ದೆ ಅಂತ ಇದೆ. 18 ವರ್ಷ ತುಂಬದ ಎಲ್ಲರೂ ಅದರ ಪ್ರಕಾರ ಮಕ್ಕಳೇ. ಅದರ 75ನೇ ಕಲಂ ನೋಡುವುದು ಒಂದೇ ವಿಷಯ: ಮಗು ಯಾರ ಕೈಯಲ್ಲಿತ್ತು? ಹೆತ್ತವರಾಗಲಿ, ದೊಡ್ಡಮ್ಮನಾಗಲಿ, ಮಗುವನ್ನು ತಮ್ಮ ಸುಪರ್ದಿಯಲ್ಲಿ ಇಟ್ಟುಕೊಂಡವರು ಅದಕ್ಕೆ ಹೊಡೆದು ಬಡಿದು ಅಥವಾ ಬೇಕೆಂದೇ ಕಡೆಗಣಿಸಿ, ಮೈಗೋ ಮನಸ್ಸಿಗೋ ಅನಗತ್ಯ ನೋವಾಗುವ ಹಾಗೆ ಮಾಡಿದರೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಆ ಹಿಂಸೆಯಿಂದ ಮಗುವಿನ ಅಂಗ ಊನವಾದರೆ, ಮಾನಸಿಕ ಕಾಯಿಲೆ ಬಂದರೆ, ಜೀವಕ್ಕೆ ಅಪಾಯವಾದರೆ ಕಡಿಮೆ ಅಂದರೂ 3 ವರ್ಷ, ಜಾಸ್ತಿ ಅಂದರೆ 10 ವರ್ಷ ಜೈಲು. "ನಮ್ಮ ಮನೆ ಹುಡುಗ" ಅನ್ನುವ ಮಾತು ಇಲ್ಲಿ ಅವರನ್ನು ಉಳಿಸುವುದಿಲ್ಲ. ಮಗು ಅವರ ಕೈಯಲ್ಲಿತ್ತು ಅಂತ ಅವರೇ ಒಪ್ಪಿಕೊಂಡ ಹಾಗಾಗುತ್ತೆ.

ಬರೆಯ ವಿಷಯ ಇನ್ನೂ ಗಂಭೀರ. ಹಳೆಯ ಐಪಿಸಿ (ದಂಡ ಸಂಹಿತೆ) ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಬರೀ ಕೈಯಲ್ಲಿ ಹೊಡೆದು ನೋವು ಮಾಡಿದರೆ 115ನೇ ಕಲಂ, 1 ವರ್ಷದವರೆಗೆ ಶಿಕ್ಷೆ. ಅದಕ್ಕೆ ಪೊಲೀಸರು ಎನ್‌ಸಿ (ಎಫ್‌ಐಆರ್ ಇಲ್ಲದೆ ದೂರು ಬರೆದುಕೊಳ್ಳುವುದು) ಬರೆದು ಕಳಿಸಬಹುದು, ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ಮಾಡುವ ಹಾಗಿಲ್ಲ. ಆದರೆ ಬೆಂಕಿಯಿಂದ ಅಥವಾ ಕಾಯಿಸಿದ ವಸ್ತುವಿನಿಂದ ಗಾಯ ಮಾಡಿದರೆ ಅದು 118ನೇ ಕಲಂ, ಚಾಕುವಿನಿಂದ ಚುಚ್ಚಿದ ಸಾಲಿಗೇ ಸೇರುತ್ತೆ. 3 ವರ್ಷದವರೆಗೆ ಜೈಲು. ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬೇಕಾದ ಅಪರಾಧ ಇದು. ಹಾಗಾಗಿ ಠಾಣೆಯಲ್ಲಿ ಹೇಳುವಾಗ "ಹೊಡೆದರು" ಅಂತ ಹೇಳಿ ನಿಲ್ಲಿಸಬೇಡಿ. "ಸಟ್ಟುಗ ಕಾಯಿಸಿ ಬರೆ ಎಳೆದಿದ್ದಾರೆ" ಅಂತ ಬರೆಸಿ. ಒಂದು ಮಾತಿನಲ್ಲಿ ಕಲಂ ಬದಲಾಗುತ್ತೆ.

ಬುದ್ಧಿ ಕಲಿಸಲು ಮಾಡಿದೆವು ಅನ್ನುತ್ತಾರಲ್ಲ, ಆ ವಾದ ನಾನು ಕೋರ್ಟಿನಲ್ಲೂ ಕೇಳಿದ್ದೇನೆ. 12 ವರ್ಷದೊಳಗಿನ ಮಗುವಿನ ಒಳಿತಿಗೆ ಪೋಷಕರು ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ನ್ಯಾಯ ಸಂಹಿತೆಯ 27ನೇ ಕಲಂನಲ್ಲಿ ರಕ್ಷಣೆ ಇರುವುದು ನಿಜ. ಅದು ಆಪರೇಷನ್‌ಗೆ ಒಪ್ಪಿಗೆ ಕೊಡುವಂಥ ವಿಷಯಕ್ಕೆ ಇರುವ ರಕ್ಷಣೆ. 20 ರೂಪಾಯಿಗೆ ಮಗುವಿನ ಚರ್ಮ ಸುಡುವುದರಲ್ಲಿ ಯಾರ ಒಳಿತಿದೆ? ನಮ್ಮ ಕಡೆ ಕಾಮಾಲೆಗೆ ಬರೆ ಹಾಕಿಸುವವರು ಈಗಲೂ ಇದ್ದಾರೆ, ಅದಕ್ಕೋ ಏನೋ ಬರೆ ಅಂದರೆ ಜನಕ್ಕೆ ಅಷ್ಟು ಭಯವೇ ಇಲ್ಲ. ನನಗೆ ಇದು ನೆನೆಸಿಕೊಂಡರೇ ಹೊಟ್ಟೆ ಉರಿಯುತ್ತೆ.

ಹುಡುಗನನ್ನು ಆಸ್ಪತ್ರೆಗೆ ತೋರಿಸುವುದು ತುಂಬಾ ಮುಖ್ಯ. ಸುಟ್ಟ ಗಾಯ ದಿನ ಕಳೆದ ಹಾಗೆ ಒಣಗುತ್ತೆ, ಕೇಸೂ ಅದರ ಜೊತೆ ಒಣಗುತ್ತೆ. ಜಿಲ್ಲಾ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ವೈದ್ಯಕೀಯ ದಾಖಲೆ) ಮಾಡಿಸಿ ಅಂತ ಸಹಾಯವಾಣಿಯವರಿಗೆ ನೆನಪಿಸಿ. ಗಾಯದ ಅಳತೆ, ಜಾಗ, ಎಷ್ಟು ದಿನದ್ದು ಅನ್ನುವುದು ಡಾಕ್ಟರ್ ಕೈಯಲ್ಲೇ ದಾಖಲಾಗಲಿ.

ಆಮೇಲೆ ಹುಡುಗ ಎಲ್ಲಿಗೆ ಹೋಗುತ್ತಾನೆ ಅಂತ ನಿಮಗೆ ಚಿಂತೆ ಇರಬಹುದು. ಅವನನ್ನು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರೆದುಕೊಂಡು ಹೋಗಬೇಕು. ಸಮಿತಿ ನೋಡುವುದು ಮೊದಲು ಅಪ್ಪ-ಅಮ್ಮನ ಕಡೆಗೆ. ಅವರನ್ನು ಬೆಂಗಳೂರಿನಿಂದ ಕರೆಸುತ್ತಾರೆ, ಮಾತಾಡುತ್ತಾರೆ. ಬಾಲಮಂದಿರ ಅನ್ನುವುದು ಬೇರೆ ದಾರಿಯೇ ಇಲ್ಲದಾಗ ಕೊನೆಗೆ, ಕಾಯ್ದೆಯೇ ಹಾಗೆ ಹೇಳುತ್ತೆ. ಫೋನ್ ಮಾಡಿದರೆ ಹುಡುಗನನ್ನು ಎಲ್ಲೋ ಹಾಕಿಬಿಡುತ್ತಾರೆ ಅಂತ ಹೆದರಿ ಸುಮ್ಮನಾಗಬೇಡಿ.

ಇನ್ನೊಂದು. ನಿಮ್ಮ ಪತ್ರದಲ್ಲಿದ್ದ ಹುಡುಗನ ಹೆಸರು, ಬೀದಿ, ಶಾಲೆ ಎಲ್ಲವನ್ನೂ ನಾನು ತೆಗೆದಿದ್ದೇನೆ. ಇಂಥ ಮಗುವಿನ ಗುರುತು ಹೊರಗೆ ಹಾಕಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ ಆಗಬಹುದು. ಗಾಯದ ಫೋಟೋ ತೆಗೆದಿದ್ದರೆ ಪೊಲೀಸರಿಗೆ, ಸಮಿತಿಗೆ ಮಾತ್ರ ಕೊಡಿ. ಸಿಟ್ಟಿನಲ್ಲಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಬಿಡಬೇಡಿ.

ಪ್ರಶ್ನೆ: ಟ್ಯೂಷನ್ ಮೇಷ್ಟ್ರು ಪೈಪಿನಲ್ಲಿ ಹೊಡೆದು ನನ್ನ ಮಗಳ ಕೈ ಮೂಳೆ ಮುರಿದಿದೆ. ಈಗ ಆಸ್ಪತ್ರೆ ಖರ್ಚು ಕೊಡುತ್ತೇನೆ, ರಾಜಿ ಮಾಡಿಕೊಳ್ಳಿ ಅಂತಿದ್ದಾರೆ. ಮಾಡಿಕೊಳ್ಳಬಹುದಾ?
— ಒಬ್ಬ ತಂದೆ, ಚಳ್ಳಕೆರೆ

ಉತ್ತರ: ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯ. ನ್ಯಾಯ ಸಂಹಿತೆಯ 117ನೇ ಕಲಂ, 7 ವರ್ಷದವರೆಗೆ ಶಿಕ್ಷೆ. ಇದರಲ್ಲಿ ರಾಜಿ ಆಗಬೇಕಾದರೂ ಕೋರ್ಟಿನ ಅನುಮತಿ ಬೇಕು, ಊರ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆದುಕೊಂಡರೆ ಕೇಸ್ ಮುಗಿಯುವುದಿಲ್ಲ. ಅವರು ಖರ್ಚು ಕೊಟ್ಟರೆ ತಗೊಳ್ಳಿ, ಅದು ನಿಮ್ಮ ಮಗಳ ಹಕ್ಕು. ಆದರೆ ಅದಕ್ಕೆ ಬದಲಾಗಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ದೂರಿನಲ್ಲಿ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಕೂಡ ಸೇರಿಸಿ ಅಂತ ಕೇಳಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಚಿತ್ರದುರ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಎಕ್ಸ್‌ರೇ ಫಿಲ್ಮ್, ಡಿಸ್ಚಾರ್ಜ್ ಚೀಟಿ, ಔಷಧಿ ಬಿಲ್ ಎಲ್ಲ ನಿಮ್ಮ ಹತ್ತಿರವೇ ಇರಲಿ. ಮೇಷ್ಟ್ರ ಕಡೆಯವರು ಕೇಳಿದರೆ ಜೆರಾಕ್ಸ್ ಮಾತ್ರ ಕೊಡಿ.